ಹರಿವಾಣಗಳ ಸಾಲು

೧೯೪೮, ಡಿಸೆಂಬರ್ ೨೬
ಜಾಗದ ಹೆಸರು ಬರೆಯುವ ಹಾಗಿಲ್ಲ

ಅಪ್ಪನಿಗೆ ಯುಸ್ನಿಯಾರ್ ಮಾಡುವ ಸಲಾಮು.

ನಾನು ಬದುಕಿದ್ದೇನೆ. ಮೊದಲು ಇದನ್ನೇ ಬರೆಯಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದೆ. ಬುಕಿತ್ತಿಂಗಿಯ ಮೇಲೆ ಡಚ್ಚರ ವಿಮಾನ ಬಂದ ದಿನ ನಮ್ಮ ಸರ್ಕಾರಿ ಕಚೇರಿಯ ಕಾಗದಗಳನ್ನೆಲ್ಲ ಅಂಗಳದಲ್ಲಿ ಸುಟ್ಟೆವು. ಟೈಪ್‌ರೈಟರನ್ನು ಹಾಸಿಗೆಯಲ್ಲಿ ಸುತ್ತಿ ಲಾರಿಗೆ ಹಾಕಿದೆವು. ಲಾರಿ ಕೆಟ್ಟು ನಿಂತಲ್ಲಿಂದ ಮುಂದಕ್ಕೆ ನಡಿಗೆ. ಟೈಪ್‌ರೈಟರಿನ ಒಂದು ಕಡೆ ನಾನು, ಇನ್ನೊಂದು ಕಡೆ ಮಂತ್ರಿಗಳಾಗಬೇಕಾಗಿದ್ದ ಒಬ್ಬರು.

ಜಾವಾದಲ್ಲಿ ಅಧ್ಯಕ್ಷರನ್ನೂ ಉಳಿದವರನ್ನೂ ಡಚ್ಚರು ಹಿಡಿದುಕೊಂಡು ಹೋದ ಸುದ್ದಿ ನಿಮಗೆ ಮುಟ್ಟಿರಬೇಕು. ಈಗ ನಮ್ಮ ಗಣರಾಜ್ಯ ಅನ್ನುವುದು ಎಲ್ಲಾದರೂ ಉಳಿದಿದ್ದರೆ ಅದು ಒಂದು ಟೀ ತೋಟದ ಮನೆಯಲ್ಲಿ, ಒದ್ದೆ ಬಟ್ಟೆಯಲ್ಲಿ ಕೂತ ಹತ್ತು ಹನ್ನೆರಡು ಜನರಲ್ಲಿ ಉಳಿದಿದೆ. ಬುಧವಾರ ಬೆಳಿಗ್ಗೆ ಅವರು ಸೇರಿ ತುರ್ತು ಸರ್ಕಾರ ರಚಿಸಿದರು. ಮಂತ್ರಿಗಳ ಪಟ್ಟಿ ಟೈಪ್ ಮಾಡಿದವಳು ನಾನು. ನಾಲ್ಕು ಸಲ ಟೈಪ್ ಮಾಡಿದೆ. ಧರ್ಮದ ಪಕ್ಷದವರು, ಸಮಾಜವಾದಿಗಳು, ಯಾವ ಪಕ್ಷವೂ ಬೇಡ ಅನ್ನುವ ಸೈನ್ಯದವರು ಎಲ್ಲರೂ ಅಲ್ಲಿದ್ದರು. ಒಂದು ತಿಂಗಳ ಹಿಂದೆ ಇವರು ಒಂದೇ ಕೆಟಲಿನ ಕಾಫಿ ಕುಡಿಯುತ್ತಿರಲಿಲ್ಲ.

"ಸಾರಿಗೆ ಖಾತೆ ನಿಮ್ಮವರಿಗೆ ಕೊಟ್ರೆ ನಮ್ಮವರಿಗೇನು ಉಳೀತು, ಅಣ್ಣಾ?" ಅಂತ ಒಬ್ಬರು ಕೇಳಿದರು.

"ಸಾರಿಗೆ ಅಂದ್ರೆ ಈಗ ಮೂರು ಕುದುರೆ. ಒಂದು ಕುಂಟ್ತಾ ಇದೆ. ಆ ಕುಂಟನ್ನ ನೀವೇ ಇಟ್ಕೊಳ್ಳಿ" ಅಂದರು ಇನ್ನೊಬ್ಬರು. ನಗು ಬಂತು. ನಕ್ಕ ಮೇಲೆ ಪಟ್ಟಿ ಬೇಗ ಮುಗಿಯಿತು.

ನಾಡಿದ್ದು ಅಮ್ಮನ ನೂರನೆಯ ದಿನ. ಮಣ್ಣು ಮಾಡುವ ದಿನವೂ ನಾನು ಬರಲಿಲ್ಲ, ಈಗಲೂ ಇಲ್ಲ. ನಮ್ಮಲ್ಲಿ ಮನೆ ಹೆಣ್ಣಿನದು, ನೂರನೆಯ ದಿನ ಕಳೆದ ಮೇಲೆ ಹೆಂಡತಿ ಇಲ್ಲದ ಮನೆಯಲ್ಲಿ ಗಂಡ ಉಳಿಯುವ ಹಾಗಿಲ್ಲವೆಂದು ಬಲ್ಲೆ. ಅಮ್ಮನ ಅಣ್ಣ, ನನ್ನ ಮಾವ, ನಿಮ್ಮನ್ನು ಹೊರಡಿಸಿಬಿಟ್ಟರೆ ಎಲ್ಲಿಗೆ ಹೋಗುತ್ತೀರಿ ಅನ್ನುವುದೇ ಯೋಚನೆ.

ನಿಮ್ಮ ಮಗಳು
ಯುಸ್ನಿಯಾರ್


ಕೋತೊ ಪಾಕು
೧೯೪೯, ಜನವರಿ ೧೧

ಮಗಳೇ ಯುಸ್,

ಒಣಮೀನು ಮಾರುವ ಅಜ್ಜಿ ನಿನ್ನ ಕಾಗದವನ್ನು ಬುಟ್ಟಿಯ ತಳದಲ್ಲಿಟ್ಟು ತಂದಳು. ಬಿಸಿಲಿಗೆ ಹಾಕಿ, ವಾಸನೆ ಸ್ವಲ್ಪ ಹೋದ ಮೇಲೆ ಓದಿದೆ. ಐದನೇ ತರಗತಿ ಓದಿದ ದರ್ಜಿಯ ಬರವಣಿಗೆ ಇದು, ತಪ್ಪಿದ್ದರೆ ತಿದ್ದಿಕೋ. ದಿನಾ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯುವ ಅಭ್ಯಾಸದಿಂದ ಕೈ ಮಾತ್ರ ಓಡುತ್ತದೆ.

ನೂರನೆಯ ದಿನದ ಪ್ರಾರ್ಥನೆ ಆಯಿತು. ಅಕ್ಕಿ ಎಲ್ಲ ಸೈನಿಕರಿಗೆ ಹೋಗಿರುವುದರಿಂದ ಬಂದವರಿಗೆ ಮರಗೆಣಸು ಬೇಯಿಸಿ ಕೊಟ್ಟೆವು. ಮಾರನೆಯ ದಿನ ನನ್ನ ಹೊಲಿಗೆ ಮಿಷನ್ನನ್ನು ಕಂಬಳಿಯಲ್ಲಿ ಸುತ್ತಿ ಮೆಟ್ಟಿಲ ಕೆಳಗಿಟ್ಟೆ. ನಿನ್ನ ಮಾವ ದಾತುಕ್ ರಾಜೊ ಇಂತಾನ್ ಅಷ್ಟರಲ್ಲಿ ಬಂದರು.

"ಎಲ್ಲಿಗೆ ಹೊರಟ್ರಿ ಸುತಾನ್?"

"ನಮ್ಮೂರಿಗೆ. ತಂಗಿ ಮನೆಗೆ."

"ತಂಗಿ ಊರಲ್ಲಿ ಡಚ್ಚರು ಶಿಬಿರ ಹಾಕಿದಾರೆ. ಹೋಗಿ ಅವರ ಚಡ್ಡಿ ಹೊಲಿತೀರಾ?"

ನಾನು ಕಂಬಳಿಯ ಗಂಟು ಬಿಗಿ ಮಾಡಿದೆ.

"ಮನೆ ಯುಸ್‌ದು. ಅವಳು ಬಂದು ಹೋಗಿ ಅಂದಾಗ ಹೋಗಿ. ಅಲ್ಲಿವರೆಗೆ ನಿಮ್ಮನ್ನ ಕಳಿಸೋ ಅಧಿಕಾರ ನನಗಿಲ್ಲ" ಅಂದರು. ಅಧಿಕಾರ ಇತ್ತು, ಕುಲದ ಹಿರಿಯ ಅವರು. ಆದರೂ ಹಾಗೆ ಅಂದರು.

ಇನ್ನೊಂದು ವಿಷಯ. ಓದಿ ನೀನು ನಗಬಹುದು. ಪ್ರತಿ ಊರಿಗೂ ಯುದ್ಧಕಾಲದ ಮುಖ್ಯಸ್ಥ ಬೇಕು ಅಂತ ಮೇಲಿನಿಂದ ಹೇಳಿಕೆ ಬಂತು. ಎರಡು ದಿನ ಸಭೆ ನಡೆಯಿತು. ಕೊನೆಯ ಒಬ್ಬ ಹೂಂ ಅನ್ನುವವರೆಗೆ ನಮ್ಮಲ್ಲಿ ಸಭೆ ಏಳುವುದಿಲ್ಲವಲ್ಲ. ಒಂದು ಕಡೆ ನಿನ್ನ ಮಾವನ ಪಕ್ಷ, ಇನ್ನೊಂದು ಕಡೆ ಸುರಾವಿನ ಪ್ರಾರ್ಥನಾಮನೆಯಲ್ಲಿ ಧರ್ಮದ ಪಾಠ ಹೇಳುವ ಎಂಗ್ಕು ಲತೀಫರ ಪಕ್ಷ.

"ಎಂಗ್ಕು ಮುಖ್ಯಸ್ಥರಾದ್ರೆ, ಡಚ್ಚರು ಬಾಗಿಲಿಗೆ ಬಂದ್ರೂ ಮೊದಲು ಕೈಕಾಲು ತೊಳ್ಕೊಂಡು ಬನ್ನಿ ಅಂತಾರೆ" ಅಂದಿತು ನಿನ್ನ ಮಾವನ ಕಡೆ.

"ದಾತುಕ್ ಮುಖ್ಯಸ್ಥರಾದ್ರೆ ಬಂದೂಕು ಎತ್ತೋಕೂ ಸತ್ತ ಹಿರೀಕರ ಅಪ್ಪಣೆ ಆಗ್ಬೇಕು" ಅಂದಿತು ಆ ಕಡೆ.

ಎರಡನೆಯ ದಿನ ಮಧ್ಯಾಹ್ನ ಹೆಂಗಸರ ಕಡೆಯಿಂದ ನಿನ್ನ ದೊಡ್ಡಜ್ಜಿ ಬಾಯಿ ಬಿಟ್ಟಳು. "ಈ ಕಡೆಯವನೂ ಬೇಡ, ಆ ಕಡೆಯವನೂ ಬೇಡ. ಯಾವ ಕಡೆಯವನೂ ಅಲ್ಲದವನೊಬ್ಬ ಬಾಗಿಲ ಹತ್ರ ಕೂತಿದಾನಲ್ಲ."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಆಮೇಲೆ ನಕ್ಕರು.

"ಮನೆ ಅಳಿಯನನ್ನ ಊರ ಮುಖ್ಯಸ್ಥ ಮಾಡಿದ್ದು ಎಲ್ಲಾದ್ರೂ ಉಂಟಾ?" ಅಂದರು ಎಂಗ್ಕು.

"ಇಲ್ಲ" ಅಂದರು ನಿನ್ನ ಮಾವ. "ಅದಕ್ಕೇ ನಾನು ಒಪ್ತೀನಿ. ಯುದ್ಧ ಮುಗಿದ ದಿನ ಇಳಿ ಅಂದ್ರೆ ಇಳೀತಾನೆ. ಅವನ ಹಿಂದೆ ನಿಂತು ಜಗಳ ಮಾಡೋಕೆ ಈ ಊರಲ್ಲಿ ಅವನಿಗೆ ಯಾರೂ ಇಲ್ಲ."

ಎಂಗ್ಕು ತುಂಬ ಹೊತ್ತು ಗಡ್ಡ ನೀವಿಕೊಂಡು ಹೂಂ ಅಂದರು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.

ನಿನ್ನ ಅಪ್ಪ
ಸುತಾನ್ ಪಮೆನಾನ್


೧೯೪೯, ಫೆಬ್ರವರಿ ೮

ಅಪ್ಪ,

ನಿಮ್ಮ ಕಾಗದವನ್ನು ಇಲ್ಲಿ ಮೂರು ಜನಕ್ಕೆ ಓದಿ ಹೇಳಿದೆ. ಒಬ್ಬರು ಮಂತ್ರಿಗಳು ನಗುತ್ತಾ, "ನಮ್ಮ ಸರ್ಕಾರಕ್ಕೂ ಒಬ್ಬ ಅಳಿಯ ಸಿಕ್ಕಿದ್ರೆ ಚೆನ್ನಾಗಿತ್ತು" ಅಂದರು. ನಿನ್ನೆ ಇಡೀ ದಿನ ಇಬ್ಬರು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು. ಸಂಜೆ ಇದ್ದ ಒಂದೇ ಬೆಂಕಿಗೆ ಎರಡು ಕಡೆಯಿಂದ ಕೂತರು. ಕಾಡಿನಲ್ಲಿ ಕಿತ್ತ ಜರೀಸೊಪ್ಪಿನ ಸಾರು ಬಡಿಸುವಾಗ ಒಬ್ಬರು ಇನ್ನೊಬ್ಬರ ತೆಂಗಿನ ಚಿಪ್ಪಿಗೆ ತಮ್ಮ ಮೀನಿನ ತುಂಡು ಹಾಕಿದರು. ಇಷ್ಟೇ. ಇವತ್ತು ಮಾತಾಡುತ್ತಿದ್ದಾರೆ.

ನಡೆಯುವುದು, ನಿಲ್ಲುವುದು, ಟೈಪ್ ಮಾಡುವುದು, ಮತ್ತೆ ನಡೆಯುವುದು. ರೇಡಿಯೋ ಯಂತ್ರವನ್ನು ಹೆಣ ಹೊತ್ತ ಹಾಗೆ ನಾಲ್ಕು ಜನ ಹೊರುತ್ತಾರೆ. ಅದರ ದನಿ ಹೊರಟಷ್ಟು ದಿನ ನಾವಿದ್ದೇವೆ ಅಂತ ಜಗತ್ತಿಗೆ ಗೊತ್ತಾಗುತ್ತದೆ.

ಈ ವಾರ ಹೊಸ ಆದೇಶವೊಂದನ್ನು ಟೈಪ್ ಮಾಡಿದೆ. ಶತ್ರುವಿಗೆ ಸುಳಿವು ಕೊಟ್ಟವರನ್ನು ಆಯಾ ಊರಿನ ಸಭೆಯೇ ವಿಚಾರಿಸಿ, ಎಲ್ಲರೂ ಒಪ್ಪಿ, ಯುದ್ಧಕಾಲದ ಮುಖ್ಯಸ್ಥ ಸಹಿ ಹಾಕಿದರೆ ಮರಣದಂಡನೆ. ಕೆಳಗೆ ಹೆಸರು ತುಂಬುವುದಕ್ಕೆ ಚುಕ್ಕೆಗಳ ಸಾಲು. ಚುಕ್ಕೆ ಒತ್ತುವಾಗ ಕೈ ಚಳಿಗೆ ಮರಗಟ್ಟಿತ್ತು, ಅದರ ಬಗ್ಗೆ ಬೇರೇನೂ ಯೋಚಿಸಲಿಲ್ಲ. ಒಂದು ಪ್ರತಿ ನಿಮಗೂ ಬರುತ್ತದೆ. ನಿಮಗೆ ಬೇಕಾಗದಿರಲಿ.

ನಿಮ್ಮ ಊರಿನ ಕಡೆ ಕೆಲವು ಅತಿಥಿಗಳು ಬರಬಹುದು. ತುಂಬ ದೂರ ನಡೆದವರು, ಬಿಸಿ ಅನ್ನ ಕಂಡು ವಾರಗಳಾದವರು. ಚೆನ್ನಾಗಿ ನೋಡಿಕೊಳ್ಳಿ.

ಅಮ್ಮನ ಕೊನೆಯ ದಿನಗಳ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ನಾನೂ ಕೇಳಿಲ್ಲ.

ಯುಸ್ನಿಯಾರ್


ಕೋತೊ ಪಾಕು
೧೯೪೯, ಮಾರ್ಚ್ ೬

ಯುಸ್,

ಮೂರು ಸಲ ಬರೆದು ಹರಿದೆ. ಈಗ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಿನ್ನ ಅತಿಥಿಗಳು ರೇಡಿಯೋ ಹೊತ್ತುಕೊಂಡು ಬಂದರು. ಊರಾಚೆಯ ಬಿದಿರು ಕೊಳ್ಳದಲ್ಲಿ ಇಳಿಸಿದೆವು. ಕಾವಲಿಗೆ ನಮ್ಮ ಹುಡುಗರು. ಎಂಗ್ಕು ಲತೀಫರ ಮಗ ಜಾಲಿನೂಸ್ ಅವರ ಮುಂದಾಳು. ಇಪ್ಪತ್ತೆರಡು ವರ್ಷ, ನಿನಗಿಂತ ಒಂದು ವರ್ಷ ಚಿಕ್ಕವನು, ಚಿಕ್ಕಂದಿನಲ್ಲಿ ನಿನ್ನ ಸ್ಲೇಟು ಒಡೆದವನು.

ಮೂರು ದಿನ ಎಲೆಪೊಟ್ಟಣದಲ್ಲಿ ಅನ್ನ ಕಳಿಸಿದೆವು. ನಾಲ್ಕನೆಯ ದಿನ ಜಾಲಿನೂಸನ ತಾಯಿ ರಬಿಯಾತುನ್ ನಾನು ಹೊಲಿಯುವಲ್ಲಿಗೆ ಬಂದರು.

"ಸರ್ಕಾರದವರು ಬಂದಿದಾರೆ, ಭಿಕ್ಷೆಯವರಿಗೆ ಕಟ್ಟಿದ ಹಾಗೆ ಪೊಟ್ಟಣ ಕಟ್ಟಿ ಕಳಿಸೋದಾ ಸುತಾನ್? ಕೋತೊ ಪಾಕುವಲ್ಲಿ ಹೆಂಗಸರೇ ಇಲ್ವೇನೋ ಅಂತಾರೆ."

"ಹಗಲು ಹೊತ್ತು ಬೇಡ ಅಕ್ಕಾ" ಅಂದೆ.

"ಒಂದೇ ಸಲ. ದಾತುಕ್ ಕಡೆ ಹೆಂಗಸರೂ ಬರ್ತೀವಿ ಅಂದ್ರು. ಬುಗ್ಗೆ ಹತ್ರ ನಾವು ಮಾತು ಬಿಟ್ಟು ಎರಡು ವರ್ಷ. ನಿನ್ನೆ ಅವರೇ ಮಾತಾಡಿಸಿದ್ರು, ನಿಮ್ಮನೇಲಿ ತೆಂಗಿನಕಾಯಿ ಉಂಟಾ ಅಂತ."

ನಾನು ತಲೆಯಾಡಿಸಿದೆ.

ಮದುವೆಗೆ, ಹಿರಿಯರ ಪಟ್ಟಕ್ಕೆ ಹೋದ ಹಾಗೆ ಹೋದರು. ತಲೆಯ ಮೇಲೆ ಊಟದ ಹರಿವಾಣ, ಅದಕ್ಕೆ ಹೊದಿಸಿದ ಕೆಂಪು ಮುಸುಕು, ಅದರಲ್ಲಿ ಜರಿ, ಸಣ್ಣ ಕನ್ನಡಿ ಬಿಲ್ಲೆಗಳು. ಇಪ್ಪತ್ತೆರಡು ಹರಿವಾಣ. ಎಂಗ್ಕು ಕಡೆಯದೊಂದು, ದಾತುಕ್ ಕಡೆಯದೊಂದು, ಮತ್ತೆ ಎಂಗ್ಕು ಕಡೆಯದೊಂದು. ಎಲ್ಲರಿಗಿಂತ ಮುಂದೆ ರಬಿಯಾತುನ್. ನಿನ್ನ ಅಮ್ಮ ಇದ್ದಿದ್ದರೆ ಮೂರನೆಯವಳೋ ನಾಲ್ಕನೆಯವಳೋ ಆಗಿರುತ್ತಿದ್ದಳು. ಹಿಂದೆ ನಡೆಯುತ್ತಾ ನನಗೆ, ಈ ಊರಿಗೆ ನಾನು ಏನೋ ಮಾಡಿದೆ ಅನ್ನಿಸಿತು. ಮೂವತ್ತು ವರ್ಷದಲ್ಲಿ ಮೊದಲ ಸಲ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಡಚ್ಚರು ಕೊಳ್ಳವನ್ನು ಸುತ್ತಿದರು. ರೇಡಿಯೋವನ್ನು ಹೇಗೋ ಹೊತ್ತು ದಾಟಿಸಿದರು. ಒಂಬತ್ತು ಜನ ಸತ್ತರು. ಜಾಲಿನೂಸ್ ಒಬ್ಬ.

ಯಾರೋ ದಾರಿ ತೋರಿಸಿದ್ದಾರೆ ಅನ್ನುವ ಮಾತು ಹೆಣ ತೊಳೆಯುವಾಗಲೇ ಹುಟ್ಟಿತು. ಹಿಂದಿನ ದಿನ ನಿನ್ನ ಮಾವ ಡಚ್ಚರಿರುವ ಪೇಟೆಗೆ ಹೋಗಿಬಂದಿದ್ದರು. ಕಂಡವರಿದ್ದಾರೆ. ನಿನ್ನ ದೊಡ್ಡಜ್ಜಿಗೆ ಚಳಿಜ್ವರ, ಕ್ವಿನೈನ್ ತರೋಕೆ ಹೋಗಿದ್ದೆ ಅಂದರು. "ಆ ಮಾತ್ರೆ ಡಚ್ಚರೇ ಕೊಟ್ಟ ಕೂಲಿ ಅಲ್ವಾ?" ಅಂದರು ಎಂಗ್ಕು ಕಡೆಯವರು. ಆಮೇಲೆ ನಿನ್ನ ಮಾವ ಬಾಯಿ ಬಿಡಲಿಲ್ಲ. ನಮ್ಮದೇ ಭತ್ತದ ಕಣಜದಲ್ಲಿ ಅವರನ್ನು ಕೂಡಿಹಾಕಿದ್ದಾರೆ. ಸತ್ತವರ ನಲವತ್ತನೆಯ ದಿನ ಕಳೆದ ಮೇಲೆ ಸಭೆ.

ತಮ್ಮ ಕಡೆಯವರನ್ನು ಕರೆಸಿ ದಾತುಕ್ ಅಂದದ್ದು ಇಷ್ಟು: "ನೀವು ಬೇಡ ಅಂದ್ರೆ ಈ ಊರಲ್ಲಿ ಮಚ್ಚು ಎದ್ದೇಳ್ತವೆ. ಸಭೇಲಿ ಹೂಂ ಅನ್ನಿ." ಅವರು ಅತ್ತುಕೊಂಡು ಒಪ್ಪಿದ್ದಾರೆ.

ಇನ್ನು ಉಳಿದದ್ದು ನನ್ನ ಸಹಿ. ನೀನು ಟೈಪ್ ಮಾಡಿದ ಕಾಗದ ನನ್ನ ಮಿಷನ್ನಿನ ಡ್ರಾಯರಿನಲ್ಲಿದೆ. ಸಹಿ ಹಾಕಿದರೆ ನಿನ್ನ ಅಮ್ಮನ ಅಣ್ಣನನ್ನು ಅವಳದೇ ಮನೆಯಲ್ಲಿ ಕೂತು ಕೊಂದ ಹಾಗೆ. ಹಾಕದಿದ್ದರೆ, ಅಳಿಯ ಹೆಂಡತಿಯ ಕಡೆಯವರನ್ನು ಉಳಿಸಿದ ಅನ್ನುತ್ತಾರೆ, ಆಮೇಲೆ ಊರು ಎರಡಾಗುತ್ತದೆ. ನನಗೆ ದಾರಿ ಕಾಣುತ್ತಿಲ್ಲ ಮಗಳೇ.

ಅಪ್ಪ


೧೯೪೯, ಮಾರ್ಚ್ ೨೦

ಅಪ್ಪ,

ನಿಮ್ಮ ಕಾಗದ ನಿನ್ನೆ ಬಂತು. ಓದಿ ನೇರವಾಗಿ ನಮ್ಮ ಹಿರಿಯ ಅಧಿಕಾರಿಯ ಹತ್ತಿರ ಹೋದೆ. ಈ ಒಂದು ಊರಿನ ಮಟ್ಟಿಗೆ ಆದೇಶವನ್ನು ತಡೆಯಿರಿ ಅಂತ ಕೇಳಿದೆ. ಅವರು ಸಮಾಜವಾದಿ. "ನಾನು ತಡೆದ್ರೆ, ಧರ್ಮದ ಪಕ್ಷದವನ ಮಗ ಸತ್ತಿದ್ದಕ್ಕೆ ತಡೆದ ಅಂತಾರಮ್ಮ" ಅಂದರು. ಧರ್ಮದ ಪಕ್ಷದವರ ಹತ್ತಿರ ಹೋದೆ. "ನಮ್ಮವನ ಮಗ ಸತ್ತಿರುವಾಗ ನಾನು ತಡೀಲಾ?" ಅಂದರು. ಇಬ್ಬರೂ ಒಳ್ಳೆಯವರು. ಇಬ್ಬರ ಕಣ್ಣಲ್ಲೂ ನೀರಿತ್ತು.

ಸಹಿ ಹಾಕಬೇಡಿ. ನಾನು ಬೇರೆ ಏನು ಬರೆಯಲಿ? ಜ್ವರ ಬಂದಾಗ ನನ್ನನ್ನು ಬೆನ್ನ ಮೇಲೆ ಹೊತ್ತು ಪೇಟೆಗೆ ಓಡಿದವರು ಮಾವ. ಅವರು ಯಾರನ್ನೂ ಮಾರುವವರಲ್ಲ. ಆ ಚುಕ್ಕೆಗಳನ್ನು ಒತ್ತಿದ ಬೆರಳುಗಳನ್ನು ನೋಡಿಕೊಂಡು ಕೂತಿದ್ದೇನೆ.

ಇವತ್ತು ಬೆಳಿಗ್ಗೆ ಇನ್ನೊಂದು ಎಚ್ಚರಿಕೆ ಟೈಪ್ ಮಾಡಿಸಿದರು, ನಿಮಗೂ ಬರುತ್ತದೆ. ಹಗಲು ಗುಂಪಾಗಿ ನಡೆಯಬಾರದು, ಬಯಲಲ್ಲಿ ಏನನ್ನೂ ಹರಡಬಾರದು ಅಂತ. ಈ ತಿಂಗಳು ನಮ್ಮ ಎರಡು ಅಡಗುತಾಣಗಳು ಸಿಕ್ಕಿಬಿದ್ದವು. ಯಾರೂ ಸುಳಿವು ಕೊಟ್ಟಿರಲಿಲ್ಲ. ಒಂದು ಕಡೆ ಬಂಡೆಯ ಮೇಲೆ ಒಣಗಲು ಹಾಕಿದ್ದ ಬಿಳಿ ಬಟ್ಟೆಯನ್ನು ಸಣ್ಣ ವಿಮಾನದವನು ಮೇಲಿನಿಂದ ಕಂಡಿದ್ದ.

ಬೇಗ ಬರೆಯಿರಿ.

ಯುಸ್


ಕೋತೊ ಪಾಕು
೧೯೪೯, ಏಪ್ರಿಲ್ ೯

ಯುಸ್,

ನಿನ್ನ ಮಾವ ಬದುಕಿದ್ದಾರೆ. ಮೊದಲು ಇಷ್ಟು ಓದಿಕೊಂಡು, ನೀರು ಕುಡಿದು, ಮುಂದಿನದನ್ನು ಓದು.

ನಿನ್ನ ಕಾಗದದ ಕೊನೆಯ ಸಾಲುಗಳನ್ನು ಎರಡು ಸಲ ಓದಿದೆ. ಹೊಲಿಗೆಗೆ ಬಂದಿದ್ದ ಹರಿವಾಣದ ಮುಸುಕೊಂದು ಪಕ್ಕದಲ್ಲೇ ಇತ್ತು. ಅದನ್ನು ಅಂಗಳಕ್ಕೆ ಒಯ್ದು ಬಿಸಿಲಿಗೆ ಹಿಡಿದೆ. ಎದುರು ಮನೆ ಗೋಡೆಯ ಮೇಲೆಲ್ಲ ಬೆಳಕಿನ ಚುಕ್ಕೆ ಎದ್ದವು. ಒಂದು ಮುಸುಕಿಗೆ ಇಷ್ಟಾದರೆ ಇಪ್ಪತ್ತೆರಡಕ್ಕೆ ಎಷ್ಟು?

ಆ ಮಧ್ಯಾಹ್ನ ಸಣ್ಣ ವಿಮಾನ ಎರಡು ಸಲ ಬಂದಿತ್ತು. ಹೆಂಗಸರು ಹರಿವಾಣ ಇಳಿಸದೆ ಮರದ ಕೆಳಗೆ ನಿಂತು, ನಗುತ್ತಾ, "ಅವನಿಗೂ ಹಸಿವೇನೋ" ಅಂದಿದ್ದರು. ನಾನೂ ನಕ್ಕಿದ್ದೆ. ಕಾಡಿನ ಕಡೆ ಹೋಗಿ ನೋಡಿದೆ. ಡಚ್ಚರ ಬೂಟಿನ ಗುರುತು ಪೇಟೆ ರಸ್ತೆಯಲ್ಲಿ ಇರಲಿಲ್ಲ, ಹೆಂಗಸರು ನಡೆದ ಕಾಲುದಾರಿಯಲ್ಲಿ ಇತ್ತು. ಅಂದಿನಿಂದ ಆ ದಾರಿಗೆ ಯಾರೂ ಕಾಲಿಟ್ಟಿರಲಿಲ್ಲ. ಮರದ ನೆರಳಿನ ಕೆಸರು ಅದನ್ನು ಹಾಗೇ ಇಟ್ಟುಕೊಂಡಿತ್ತು.

ಕಣಜಕ್ಕೆ ಹೋದೆ.

"ದಾತುಕ್, ಅವತ್ತು ಪೇಟೆಯಿಂದ ಬರುವಾಗ ಗುಡ್ಡದ ಮೇಲಿಂದ ಏನು ಕಂಡ್ರಿ?"

"ಕಾಡು."

"ಕಾಡಲ್ಲಿ?"

ಅವರು ಭತ್ತದ ಕಾಳೊಂದನ್ನು ಉಗುರಿನಿಂದ ಸುಲಿದರು. "ಮಿಂಚ್ತಾ ಇತ್ತು. ಹಬ್ಬದ ಹಾಗೆ. ಚೆಂದ ಅನ್ನಿಸ್ತು ಸುತಾನ್. ನಿಂತು ನೋಡಿದೆ."

"ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ಮುಂದೆ ನಡೆದವಳು ರಬಿಯಾತುನ್. ಹೊತ್ತುಕೊಂಡು ಹೋಗಿ ಮಗನ್ನ ತೋರಿಸಿಕೊಟ್ಟೆ ಕಣಮ್ಮಾ ಅಂತ ಅವಳಿಗೆ ಹೇಳ್ಲಾ? ಒಬ್ಬ ಮುದುಕ ದ್ರೋಹಿ ಅಂದ್ರೆ ಊರು ಬೈದು ಮರೀತದೆ. ಆ ಹೆಂಗಸರು ಇನ್ನೊಂದ್ಸಲ ಒಂದೇ ಸಾಲಲ್ಲಿ ನಡೀತಾರಾ? ನೀವೂ ಹೇಳ್ಬೇಡಿ."

"ಸಹಿ ಹಾಕೋನು ನಾನು."

"ಹಾಕಿ. ಅದಕ್ಕೇ ತಾನೇ ನಿಮ್ಮನ್ನ ಕೂರಿಸಿದ್ದು."

ಸಭೆಯಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಹೂಂ ಅಂದರು. ದಾತುಕ್ ಕಡೆಯವರು ನೆಲ ನೋಡಿಕೊಂಡು ಅಂದರು. ಕೊನೆಗೆ ನನ್ನ ಸರದಿ. ಕಾಗದ ಮುಂದಿತ್ತು. ನಾನು ಎದ್ದು ನಿಂತು ವಿಮಾನದ ವಿಷಯ, ಬೂಟಿನ ಗುರುತಿನ ವಿಷಯ ಹೇಳಿದೆ. ಆಮೇಲೆ ಅಂದೆ: "ಹರಿವಾಣ ಹೊರಿಸಿದವನು ನಾನು. ಹಗಲು ಹೊತ್ತು ಬೇಡ ಅಂತ ಹೆಂಗಸರು ಅಂದ್ರು. ನಾನೇ, ಹೋಗ್ಲೇಬೇಕು, ಇದು ಮುಖ್ಯಸ್ಥನ ಮಾತು ಅಂದೆ."

ಕೂತು, ನೀನು ಒತ್ತಿದ ಚುಕ್ಕೆಗಳ ಮೇಲೆ ನನ್ನ ಹೆಸರು ಬರೆದೆ. ಕೆಳಗೆ ಸಹಿ ಹಾಕಿದೆ. ಕಾಗದವನ್ನು ಎಂಗ್ಕು ಲತೀಫರ ಮುಂದೆ ತಳ್ಳಿದೆ. ಇನ್ನು ಎಲ್ಲರೂ ಮತ್ತೊಮ್ಮೆ ಹೂಂ ಅಂದರೆ ಮುಗಿಯಿತು.

ಎಂಗ್ಕು ಕಾಗದ ಮುಟ್ಟಲಿಲ್ಲ.

"ಹೆಂಗಸರು ಬೇಡ ಅಂದ್ರಾ?"

"ಹೌದು."

"ಯಾವ ಹೆಂಗಸು?"

ಅವರು ಹೆಂಗಸರ ಕಡೆ ತಿರುಗಿದರು. ಅಲ್ಲಿ ರಬಿಯಾತುನ್ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ಆ ಹರಿವಾಣದ ಮಾತು ಮೊದಲು ಹುಟ್ಟಿದ್ದು ಅವರ ಅಡಿಗೆಮನೆಯಲ್ಲಿ, ಎಂಗ್ಕುವಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ?

"ನನಗೆ ಒಪ್ಪಿಗೆ ಇಲ್ಲ" ಅಂದರು. "ದಾತುಕ್ ಮೇಲೂ ಇಲ್ಲ. ಸುತಾನ್ ಮೇಲೂ ಇಲ್ಲ." ಚಪ್ಪಲಿ ಹಾಕಿಕೊಳ್ಳದೆ ಇಳಿದು ಹೋದರು. ಒಬ್ಬ ಒಪ್ಪದೆ ಸಭೆ ಏನು ಮಾಡಲು ಬರುತ್ತದೆ? ಎಲ್ಲರೂ ಎದ್ದರು.

ನಿನ್ನ ಮಾವ ಕಣಜದಿಂದ ಹೊರಗೆ ಬಂದು ನನ್ನ ಮುಂದೆ ಒಂದು ಗಳಿಗೆ ನಿಂತರು. "ನನ್ನ ತಂಗಿ ನಿಮ್ಮನ್ನ ಮೂಕ ಅಂತಿದ್ಲು" ಅಂದರು. ಅಷ್ಟೇ. ಅಂದಿನಿಂದ ನನ್ನ ಜೊತೆ ಮಾತಾಡಿಲ್ಲ.

ಈ ಕೆಲಸದಿಂದ ಬಿಡಿಸಿ ಅಂತ ಎಂಗ್ಕುವಿಗೆ ಹೇಳಿ ಕಳಿಸಿದೆ. "ಅವನನ್ನ ಇಳಿಸಿದ್ರೆ ಮತ್ತೆ ಎರಡು ದಿನ ಕೂರ್ಬೇಕು. ಕೂರೋ ಶಕ್ತಿ ಯಾರಿಗೂ ಇಲ್ಲ" ಅಂತ ಉತ್ತರ ಬಂತು. ಹೀಗಾಗಿ ಇನ್ನೂ ಮುಖ್ಯಸ್ಥ ನಾನೇ.

ಅಪ್ಪ


೧೯೪೯, ಜುಲೈ ೧೭

ಅಪ್ಪ,

ಏಪ್ರಿಲ್ ಆದ ಮೇಲೆ ನಿಮ್ಮ ಮೂರು ಕಾಗದ ಬಂದವು. ಮೂರರಲ್ಲೂ ಮಳೆ, ಭತ್ತ, ದೊಡ್ಡಜ್ಜಿಯ ಜ್ವರ. ಊರಿನ ಬಗ್ಗೆ ಏನೂ ಇಲ್ಲ.

ನಮ್ಮ ಸರ್ಕಾರ ಮುಗಿಯಿತು. ಸೆರೆಯಲ್ಲಿದ್ದ ನಾಯಕರು ನಮ್ಮನ್ನು ಒಂದು ಮಾತೂ ಕೇಳದೆ ಡಚ್ಚರ ಜೊತೆ ಒಪ್ಪಂದ ಮಾಡಿಕೊಂಡರು. ಕಾಡಿನಲ್ಲಿದ್ದವರಿಗೆ ಅದು ತುಂಬ ನೋವಾಯಿತು. "ಜರೀಸೊಪ್ಪು ತಿಂದು ಗಣರಾಜ್ಯ ಉಳಿಸಿದವರು ನಾವು, ರುಜು ಹಾಕಿದವರು ಅವರಾ?" ಅಂತ ಒಬ್ಬರು ಕೂಗಿದರು. ಒಪ್ಪಬಾರದು ಅನ್ನುವವರೇ ಹೆಚ್ಚಿದ್ದರು. ಕೊನೆಗೆ ಹಿರಿಯರೊಬ್ಬರು ಮೆಲ್ಲಗೆ, "ಎರಡು ಸರ್ಕಾರ ಇದ್ರೆ ಡಚ್ಚರಿಗೆ ಒಂದೂ ಕಷ್ಟ ಇಲ್ಲ" ಅಂದರು. ಅಧಿಕಾರ ಹಿಂದಕ್ಕೆ ಕೊಟ್ಟರು. ಆ ಕಾಗದವನ್ನೂ ನಾನೇ ಟೈಪ್ ಮಾಡಿದೆ, ಒಂದೇ ಸಲಕ್ಕೆ, ತಪ್ಪಿಲ್ಲದೆ. ಮುಗಿದ ಮೇಲೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಮುಂದಿನ ತಿಂಗಳು ಊರಿಗೆ ಬರುತ್ತೇನೆ. ಆ ಸಭೆಯ ನಂತರ ಅಲ್ಲಿ ಏನಾಯಿತು ಅಂತ, ಬರುವ ಮೊದಲು ನನಗೆ ಗೊತ್ತಾಗಬೇಕು.

ಯುಸ್ನಿಯಾರ್


ಕೋತೊ ಪಾಕು
೧೯೪೯, ಜುಲೈ ೨೯

ಯುಸ್,

ಏನಾಯಿತು ಅಂದರೆ, ಏನೂ ಆಗಲಿಲ್ಲ. ಬರೆಯುವುದಕ್ಕೆ ಏನೂ ಇರಲಿಲ್ಲ ಅನ್ನುವುದೇ ಬರೆಯಬೇಕಾದ ವಿಷಯವಾಗಿತ್ತು, ಅದು ನನಗೆ ಬರೆಯಲು ಬರಲಿಲ್ಲ.

ನಿಮ್ಮವರು ಅಧಿಕಾರ ಬಿಟ್ಟ ಸುದ್ದಿ ಬಂದ ದಿನವೇ ನಾನೂ ಸಭೆ ಕರೆದು ಬಿಟ್ಟೆ. ಹೊಸ ಮುಖ್ಯಸ್ಥನಿಗಾಗಿ ಎರಡು ಕಡೆಯವರೂ ಆಗಲೇ ಜೋರು ಜಗಳ ಶುರುಮಾಡಿದರು. ಆರು ತಿಂಗಳಾದ ಮೇಲೆ ಆ ಸದ್ದು ಕೇಳಿ ಎಲ್ಲರ ಮುಖದಲ್ಲೂ ಸ್ವಲ್ಪ ಜೀವ ಬಂದ ಹಾಗೆ ಕಂಡಿತು.

ಬುಧವಾರ ಮಧ್ಯಾಹ್ನ ರಬಿಯಾತುನ್ ಬಂದರು. ಮೇಲೆ ಬನ್ನಿ ಅಂದರೆ ಬರಲಿಲ್ಲ. ಮೆಟ್ಟಿಲ ಕೆಳಗೇ ನಿಂತರು.

"ನಾಲ್ಕು ತಿಂಗಳಾಯ್ತು ಸುತಾನ್. ಎಲ್ಲರೂ ನನ್ನ ಹತ್ರ ಮೆತ್ತಗೆ ಮಾತಾಡ್ತಾರೆ. ಬುಗ್ಗೆ ಹತ್ರ ಹೋದ್ರೆ ಬಿಂದಿಗೆ ಸರಿಸಿ ಜಾಗ ಬಿಡ್ತಾರೆ. ದಾತುಕ್ ದಾರೀಲಿ ಸಿಕ್ಕಿದ್ರೆ ತಲೆ ತಗ್ಗಿಸ್ತಾರೆ. ನನ್ನ ಗಂಡ ಊಟ ಚೆನ್ನಾಗಿದೆ ಅಂತಾರೆ. ಇಪ್ಪತ್ತಾರು ವರ್ಷದಲ್ಲಿ ಒಂದ್ಸಲ ಅಂದಿರಲಿಲ್ಲ."

ನಾನು ಕೆಳಗಿಳಿದೆ.

"ಸಭೇಲಿ ನೀವು ಹೇಳಿದ್ದು ಸುಳ್ಳು" ಅಂದರು.

"ಹೌದು ಅಕ್ಕಾ."

"ಸಭೆ ಮುಗೀತು. ನೀವು ಈಗ ಮುಖ್ಯಸ್ಥರೂ ಅಲ್ಲ. ಇಲ್ಲಿ ಯಾರೂ ಇಲ್ಲ. ಇದ್ದದ್ದನ್ನ ಹೇಳಿ. ಎಲ್ಲರೂ ಬಚ್ಚಿಟ್ಟು ಬಚ್ಚಿಟ್ಟು, ನನ್ನ ಮಗ ಸತ್ತಿದ್ದೇ ಸುಳ್ಳು ಅನ್ನೋ ಹಾಗಾಗಿದೆ."

ನಾನು ಹೇಳಿದೆ. "ನಾನು ಹಗಲು ಬೇಡ ಅಂದೆ. ನೀವು ಒಂದೇ ಸಲ ಅಂದ್ರಿ. ನಾನು ತಲೆಯಾಡಿಸಿದೆ. ನೀವು ಮುಂದೆ ನಡೆದ್ರಿ. ವಿಮಾನ ನಿಮ್ಮನ್ನ ನೋಡ್ತು. ಮಾರನೇ ಬೆಳಿಗ್ಗೆ ಜಾಲಿನೂಸ್ ಸತ್ತ."

ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ, "ಹರಿವಾಣ ಇಳಿಸಿಕೊಳ್ಳುವಾಗ ಅವನು ಏನಂದ? ನನಗೆ ಸರಿಯಾಗಿ ನೆನಪಾಗ್ತಿಲ್ಲ. ನೀವು ಅಲ್ಲೇ ಇದ್ರಲ್ಲ" ಅಂದರು.

"ಇಷ್ಟು ದೂರ ಬಿಸಿ ಆರದ ಹಾಗೆ ಹೇಗೆ ತಂದೆ ಅಮ್ಮಾ ಅಂದ."

"ಎರಡು ಸಲ ಬಡಿಸ್ಕೊಂಡ."

"ಮೂರು ಸಲ."

ಅವರು ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತರು. ಮಗನನ್ನು ಮಣ್ಣು ಮಾಡುವಾಗಲೂ ಹಾಗೆ ಅತ್ತಿರಲಿಲ್ಲ. ಇಡೀ ಕೇರಿಗೆ ಕೇಳುವ ಹಾಗೆ ಅತ್ತರು. ಎದುರು ಮನೆ ಕಿಟಕಿಗಳು ತೆರೆದವು. ಯಾರೂ ಸುಮ್ಮನಿರು ಅನ್ನಲು ಬರಲಿಲ್ಲ. ನಿನ್ನ ಮಾವ ದಾರಿಯಲ್ಲಿ ಹೋಗುತ್ತಿದ್ದವರು ನಿಂತರು. ಈ ಸಲ ತಲೆ ತಗ್ಗಿಸಲಿಲ್ಲ, ಬಂದು ನನ್ನ ಪಕ್ಕದಲ್ಲಿ ನಿಂತುಕೊಂಡರು.

ತುಂಬ ಹೊತ್ತಾದ ಮೇಲೆ ರಬಿಯಾತುನ್ ತಲೆವಸ್ತ್ರದಲ್ಲಿ ಮುಖ ಒರೆಸಿಕೊಂಡು, "ಇನ್ನೊಂದ್ಸಲ ಹೇಳಿ" ಅಂದರು.

ನಾನು ಮೊದಲಿನಿಂದ ಹೇಳಿದೆ.

ನಿನ್ನ ಅಪ್ಪ
ಸುತಾನ್ ಪಮೆನಾನ್